ಕೆಂಪು ಮಣ್ಣಲ್ಲಿ ಕರಿಬೇವಿಗೆ ರಕ್ತಹೀನತೆ

ಬಸವೇಶ್ವರನಗರದ ನಮ್ಮ ಹಳೇ ಮನೆ ಕೆಡವುವಾಗ ಅಮ್ಮ ಹಟ ಹಿಡಿದು ಉಳಿಸಿಕೊಂಡಿದ್ದು ಒಂದೇ. ಅಪ್ಪ ನೆಟ್ಟಿದ್ದ ಕರಿಬೇವಿನ ಬುಡದಲ್ಲಿ ಎದ್ದಿದ್ದ ಮರಿ ಗಿಡ. ಅಪ್ಪ ಅಷ್ಟರಲ್ಲಿ ಇರಲಿಲ್ಲ, ಮರವೂ ಹೋಯ್ತು. ಮರಿ ಮಾತ್ರ ಪೇಂಟ್ ಡಬ್ಬದಲ್ಲಿ ಬಾಡಿಗೆ ಮನೆಗೆ ಬಂದು ಒಂದು ವರ್ಷ ಹಸಿರಾಗೇ ಇತ್ತು.

ಗೃಹಪ್ರವೇಶ ಆದಮೇಲೆ ಕಾಂಪೌಂಡ್ ಪಕ್ಕದ ಎರಡಡಿ ಜಾಗದಲ್ಲಿ ನೆಟ್ಟೆವು. ಮೂರೇ ತಿಂಗಳಿಗೆ ಎಲೆ ಹಳದಿ. ಯೂರಿಯಾ ಹಾಕಿದೆ, ನೀರು ಹೆಚ್ಚಿಸಿದೆ, ಏನೂ ಆಗಲಿಲ್ಲ. "ಬಿಡೋ, ಅದಕ್ಕೆ ಈ ಮನೆ ಹಿಡಿಸಲಿಲ್ಲ" ಅಂದ್ರು ಅಮ್ಮ. ಅವರು ಬರೀ ಗಿಡದ ವಿಷಯ ಹೇಳ್ತಿದ್ದಾರೆ ಅಂತ ನನಗನಿಸಲಿಲ್ಲ.

ಆಫೀಸಲ್ಲಿ ಬಗ್ ಬಂದಾಗ ನಾವು ಕೇಳೋ ಮೊದಲ ಪ್ರಶ್ನೆ, ಏನು ಬದಲಾಯ್ತು? ಗಿಡ ಅದೇ, ಕಾವೇರಿ ನೀರು ಅದೇ. ಬದಲಾಗಿದ್ದು ಮಣ್ಣು. ಗುದ್ದಲಿ ಹಿಡಿದೆ. ಮೇಲೆ ಅರ್ಧ ಅಡಿ ಕೆಂಪು ಮಣ್ಣು, ಕೆಳಗೆ ಸಿಮೆಂಟ್ ಗಟ್ಟಿ, ಗಾರೆ, ಇಟ್ಟಿಗೆ ಚೂರು. ಒಂದು ಹಿಡಿ ತೆಗೆದು ವಿನೆಗರ್ ಹನಿಸಿದೆ. ಸೋಡಾದಂತೆ ನೊರೆ ಬಂತು. ಅಂದರೆ ಸುಣ್ಣದಂಶ.

ಬೆಂಗಳೂರಿನ ಮಣ್ಣು ಕೆಂಪಗಿರುವುದೇ ಅದರಲ್ಲಿನ ಕಬ್ಬಿಣದ ಆಕ್ಸೈಡ್‌ನಿಂದ. ಆದರೆ ಸಿಮೆಂಟಿನ ಸುಣ್ಣ ಸೇರಿ ಮಣ್ಣಿನ ಪಿಎಚ್ 7 ದಾಟಿ ಏರಿದಷ್ಟೂ ಆ ಕಬ್ಬಿಣ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಕಬ್ಬಿಣವಿಲ್ಲದೆ ಗಿಡ ಪತ್ರಹರಿತ್ತು ತಯಾರಿಸಲಾರದು. ತುಂಬಿದ ಉಗ್ರಾಣದ ಮುಂದೆ ಉಪವಾಸ!

ಗುರುತು ಹಿಡಿಯೋದು ಸುಲಭ. ಹಳೇ ಎಲೆ ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ್ದು. ನಮ್ಮದು ಎರಡನೆಯದು. ಯೂರಿಯಾ ದಂಡ.

ಗಿಡವನ್ನು ಬೇರಿನ ಮಣ್ಣಿನ ಸಮೇತ ಎತ್ತಿ, ಒಂದೂವರೆ ಅಡಿ ಆಳದ ಕಸವನ್ನೆಲ್ಲ ತೆಗೆದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದೆ. ಕಾಂಪೋಸ್ಟ್ ಕಬ್ಬಿಣವನ್ನು ಬೇರಿಗೆ ಸಿಗುವ ರೂಪದಲ್ಲಿ ಹಿಡಿದಿಡುತ್ತೆ. ರಸ್ತೆಯಲ್ಲಿ ಉದುರಿದ ಹೊಂಗೆ ಎಲೆ ಗುಡಿಸಿ ತಂದು, ಕಾಂಡಕ್ಕೆ ತಾಗದಂತೆ ಮೂರಿಂಚು ಹೊದಿಸಿದೆ. ತಕ್ಷಣದ ಆಸರೆಗೆ ಗ್ರಂಥಿಗೆ ಅಂಗಡಿಯ ಅನ್ನಭೇದಿ, ಲೀಟರಿಗೆ 5 ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ.

ಅಮ್ಮ ತಮ್ಮ ಪಾಲಿಗೆ ಹುಳಿ ಮಜ್ಜಿಗೆ ಸುರಿದರು. ಒಂದು ಲೋಟ ಮಜ್ಜಿಗೆಯಿಂದ ಪಿಎಚ್ ಹೆಚ್ಚೇನೂ ಬದಲಾಗಲ್ಲ. ಆದ್ರೂ ಹುಳಿ ಬೇಕು ಅನ್ನೋ ಲೆಕ್ಕ ಸರಿಯೇ. ನಾನು ವಾದಿಸಲಿಲ್ಲ.

ಎರಡು ತಿಂಗಳಿಗೆ ಬಂದ ಚಿಗುರು ಪೂರ್ತಿ ಹಸಿರು. ಅಮ್ಮ ಇನ್ನೂ ಕಿತ್ತಿಲ್ಲ. "ಸ್ವಲ್ಪ ಬಲಿಯಲಿ" ಅಂತ ಒಗ್ಗರಣೆಗೆ ಅಂಗಡಿಯಿಂದಲೇ ತರಿಸ್ತಿದ್ದಾರೆ.

ವಿಜಯನಗರ, ರಾಜಾಜಿನಗರ, ಕೆಂಗೇರಿ, ಎಲ್ಲಿ ನೋಡಿದರೂ ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ನೀವೂ ಆ ಸಾಲಲ್ಲಿದ್ದರೆ, ಪಾಯ ತೆಗೆಯೋ ಮುಂಚೆ ಮೇಲಿನ ಅರ್ಧ ಅಡಿ ಮಣ್ಣನ್ನು ಹತ್ತು ಚೀಲ ತುಂಬಿಸಿಡಿ. ನಾವು ಅದನ್ನು ಟ್ರ್ಯಾಕ್ಟರಲ್ಲಿ ಕಳಿಸಿಬಿಟ್ಟು, ಆಮೇಲೆ ದುಡ್ಡು ಕೊಟ್ಟು ಮಣ್ಣು ತಂದೆವು. ಅಪ್ಪ ವರ್ಷಗಟ್ಟಲೆ ಎಲೆ, ಸಗಣಿ ಹಾಕಿ ಹದ ಮಾಡಿದ್ದ ಮಣ್ಣು ಅದು. ಅದು ಯಾವ ನರ್ಸರಿಯಲ್ಲೂ ಸಿಗಲ್ಲ.