ಹೊಣೆ ಹೊರುವ ಹೆಗಲು

ಕಾಯಕದ ನೆಲೆಯಲ್ಲಿ ನಾಯಕತ್ವವೆಂದರೆ ಆಜ್ಞೆ ನೀಡುವ ಜಾಣ್ಮೆಯೆಂದು ಬಗೆಯುವವರೇ ಹೆಚ್ಚು. ಸಹೋದ್ಯೋಗಿಗಳ ಸೋಲನ್ನು ತನ್ನದೆಂದು ಹೊರುವ ಅಭ್ಯಾಸವು ಅದಕ್ಕಿಂತ ಮಿಗಿಲೆಂಬುದು ನಮ್ಮ ಭಾವನೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ಟು, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಎದುರು ಉತ್ತರಿಸಿದವರು ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಅವರು ಪತ್ರಿಕಾಗೋಷ್ಠಿಯನ್ನು ಕಲಾಂ ಅವರಿಗೇ ಒಪ್ಪಿಸಿದರು. ಕಲಾಂ ಅವರು ಇದನ್ನು ಮುಂದೆ ಅನೇಕ ಸಭೆಗಳಲ್ಲಿ ಸ್ಮರಿಸಿದರು.

ಇದನ್ನು ಔದಾರ್ಯವೆಂದು ಕೊಂಡಾಡಿದರೆ ಸಾಲದು. ನಿಂದೆಯ ಭಯವಿರುವ ಕಚೇರಿಯಲ್ಲಿ ಕಿರಿಯನು ತಾನು ಕಂಡ ದೋಷವನ್ನು ಮುಚ್ಚಿಡುತ್ತಾನೆ. ಅದು ಬಯಲಾಗುವ ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತದೆ. ಹಿರಿಯನು ಹೆಗಲು ಕೊಟ್ಟರೆ ತಂಡವು ನಿಜ ನುಡಿಯುತ್ತದೆ. (ಹೊಣೆ ಹೊತ್ತ ಮಾತ್ರಕ್ಕೆ ತಪ್ಪನ್ನು ತೇಲಿಸಿಬಿಡಬೇಕೆಂದಲ್ಲ, ಒಳಗಿನ ವಿಚಾರಣೆ ನಿಷ್ಠುರವಾಗಿಯೇ ನಡೆಯಲಿ.)

ಈ ಗುಣ ಪದವಿಯೊಡನೆ ಬರುವುದಿಲ್ಲ. ಇಬ್ಬರು ಮೂವರ ಮೇಲ್ವಿಚಾರಣೆ ದೊರೆತ ದಿನದಿಂದಲೇ ರೂಢಿಸಿಕೊಳ್ಳಬೇಕು. ಶರಣ ಬಂಧುಗಳಲ್ಲಿ ಶಾಖಾಧಿಕಾರಿಗಳು, ಮುಖ್ಯೋಪಾಧ್ಯಾಯರು ಅನೇಕರಿದ್ದಾರೆ. ಮೇಲಿನಿಂದ ವಿವರಣೆ ಕೇಳಿ ಪತ್ರ ಬಂದಾಗ, ಉತ್ತರದ ಕೆಳಗೆ ಯಾರ ಸಹಿ ಬೀಳುವುದೆಂಬುದನ್ನು ಕೈಕೆಳಗಿನವರು ಗಮನಿಸುತ್ತಿರುತ್ತಾರೆ.