ಟೇಪು ಸತ್ತಿರಲಿಲ್ಲ



ಈ ಸಲ ಅಡುಗೆಮನೆಯ ಮಾತಲ್ಲ, ಕಂಪ್ಯೂಟರಿನ ಮಾತು. ಇಂಗ್ಲಿಷ್ ಬಿ.ಎ. ಓದಿದ ಗೃಹಿಣಿಗೆ ಇದೆಲ್ಲ ಯಾಕೆ ಎಂದು ನಗಬೇಡಿ.

ನಮ್ಮ ಯೇವಲಾ ಪೈಠಣಿ ಸೀರೆಗೆ ಹೆಸರಾದ ಊರು. ನನ್ನ ಮಾವನವರು ಇಲ್ಲಿನ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನೇಕಾರರ ಮನೆಗೆ ಹೋದಾಗಲೆಲ್ಲ ಮುನಿಯಾ ಗಿಳಿ, ಅಸಾವಲಿ ಬಳ್ಳಿ, ಬಾಂಗಡಿ ಮೋರ್, ನಾರಳಿ ಅಂಚು ಇವುಗಳ ಚಿತ್ರ ಬರೆದು, ಯಾವ ಬಣ್ಣದ ಎಳೆ ಎಷ್ಟು ಎಂದು ಕನ್ನಡದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು. 1997ರಲ್ಲಿ ನನ್ನ ಮೈದುನ ಆ ಪುಟಗಳನ್ನು ಸ್ಕ್ಯಾನ್ ಮಾಡಿ ಡಿಡಿಎಸ್ ಟೇಪಿಗೆ ಹಾಕಿಟ್ಟ. ಮುಂದೆ ನೋಟುಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಮಾವನವರೂ ಹೋದರು. ಉಳಿದದ್ದು ಆ ಟೇಪು ಒಂದೇ.

ಹೋದ ವರ್ಷ ನನ್ನ ಮಗ ಅದನ್ನು ಹಳೆಯ ಕಂಪ್ಯೂಟರಿನಲ್ಲಿ ಓದಿಸಲು ಹೋದರೆ, ಬಂದದ್ದು ಬರೀ ದೋಷದ ಸೂಚನೆ. ತೋರಿಸಿದ ಕಡೆ, "ಟೇಪು ಸತ್ತಿದೆ, ಎಸೆದುಬಿಡಿ" ಎಂದರಂತೆ. ನನಗೆ ಎದೆ ಧಸಕ್ಕೆಂದಿತು.

ಟೇಪು ಸತ್ತಿರಲಿಲ್ಲ. ಟೇಪಿನ ಮೇಲೆ ಮಾಹಿತಿ ಬ್ಲಾಕ್ ಎಂಬ ತುಂಡುಗಳಾಗಿ ಕೂತಿರುತ್ತದೆ. ಒಂದು ಬ್ಲಾಕನ್ನು ಒಂದೇ ಗುಟುಕಿಗೆ ಓದಬೇಕು. ಅರ್ಧ ಈಗ, ಉಳಿದರ್ಧ ಆಮೇಲೆ ಎನ್ನುವ ಹಾಗಿಲ್ಲ. ಟಾರ್ ಎಂಬ ಪ್ರೋಗ್ರಾಮು ಸಾಮಾನ್ಯವಾಗಿ 512 ಬೈಟಿನ 20 ಚೂರು ಸೇರಿಸಿ 10,240 ಬೈಟಿನ ಬ್ಲಾಕ್ ಮಾಡುತ್ತದೆ. ಕೆಲಸ ಬೇಗ ಮುಗಿಯಲೆಂದು ಮೈದುನ 256 ಚೂರು ಸೇರಿಸಿದ್ದ. ಮಗನ ಹಳೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಒಂದು ಸಲಕ್ಕೆ 65,536 ಬೈಟಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಪಾವಿನ ಪಾತ್ರೆಗೆ ಸೇರು ಅಕ್ಕಿ ಸುರಿದ ಹಾಗಾಯಿತು!

ಮಗ ಅದೇ ಡ್ರೈವನ್ನು ಲಿನಕ್ಸ್ ಇದ್ದ ಬೇರೆ ಕಂಪ್ಯೂಟರಿಗೆ ಜೋಡಿಸಿದ. ಬ್ಲಾಕಿನ ಅಳತೆಯನ್ನು ಸೊನ್ನೆ ಎಂದು ಇಟ್ಟ. ಸೊನ್ನೆ ಎಂದರೆ, ಟೇಪಿನಲ್ಲಿ ಯಾವ ಅಳತೆಯಿದ್ದರೂ ಸರಿ ಎಂದರ್ಥ. ಆಮೇಲೆ ಡಿಡಿ ಎಂಬ ಪ್ರೋಗ್ರಾಮಿಗೆ 256 ಕಿಲೋಬೈಟಿನ ದೊಡ್ಡ ಬಟ್ಟಲು ಕೊಟ್ಟು ಒಂದೇ ಬ್ಲಾಕ್ ಓದಿಸಿದ. 1,31,072 ಬೈಟು ಬಂತು. ಗುಟ್ಟು ಸಿಕ್ಕಿತು! ಟೇಪನ್ನು ಮೊದಲಿಗೆ ಸುತ್ತಿ, ಅದೇ ಅಳತೆಯಲ್ಲಿ ಪೂರ್ತಿ ಡಿಸ್ಕಿಗೆ ಇಳಿಸಿದ. ಡಿಸ್ಕಿನ ಫೈಲಿಗೆ ಟೇಪಿನ ಬ್ಲಾಕಿನ ಗಡಿಯಿಲ್ಲ. ಅದನ್ನು ಟಾರ್ ಇರುವ ಯಾವ ಕಂಪ್ಯೂಟರಾದರೂ ಬಿಚ್ಚುತ್ತದೆ. 10,240ರ ಬ್ಲಾಕಿನಲ್ಲಿ ಇನ್ನೊಂದು ಟೇಪನ್ನೂ ಬರೆದಿಟ್ಟ. ಮೈದುನ ಆವತ್ತೇ ಲೇಬಲಿನ ಮೇಲೆ ಒಂದು ಸಾಲು ಬರೆದಿದ್ದರೆ ಇಷ್ಟೆಲ್ಲ ಪಾಡು ಇರಲಿಲ್ಲ. ನೀವು ಏನನ್ನೇ ಕಾಪಿಟ್ಟರೂ, ಹೇಗೆ ಇಟ್ಟಿರಿ ಎಂದು ಮೇಲೆ ಬರೆದಿಡಿ.

ಪರದೆಯ ಮೇಲೆ ಮುನಿಯಾ ಗಿಳಿ ಮೂಡಿತು, ಕೆಳಗೆ ಮಾವನವರ ಅಕ್ಷರ. ಮಗ ನನ್ನ ಮುಖ ನೋಡಿದ. "ಅಮ್ಮಾ, ಅಜ್ಜ ಏನು ಬರೆದಿದ್ದಾರೆ?" ಎಂದ. ಕಂಪ್ಯೂಟರು ಓದಿತ್ತು, ಅವನಿಗೆ ಓದಲು ಬಂದಿರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿದೆವು, ಅಕ್ಷರ ಕಲಿಸಲಿಲ್ಲ. ಆ ತಪ್ಪು ನನ್ನದು.

ಈಗ ಪ್ರತಿ ಭಾನುವಾರ ಇಬ್ಬರೂ ಕೂತು ಒಂದೇ ಒಂದು ಪುಟ ಓದುತ್ತೇವೆ. ಒಮ್ಮೆಗೇ ಜಾಸ್ತಿ ಬಡಿಸಿದರೆ ಅವನೂ ದೋಷ ತೋರಿಸುತ್ತಾನೆ! ನಿಮ್ಮ ಮನೆಯ ಅಟ್ಟದ ಮೇಲೂ ಏನಾದರೂ ಇದ್ದೀತು. ಎಸೆಯುವ ಮುಂಚೆ ಒಮ್ಮೆ ಕೇಳಿ ನೋಡಿ.

ನಿಮ್ಮ ಪ್ರೀತಿಯ,
ಯೇವಲಾದ ಅತ್ತೆ