ಮೊದಲು ಕಾಮಗಾರಿ, ಬಳಿಕ ಅನುಮತಿಯೇ?

ಒಂದು ಯೋಜನೆಗೆ ಪರಿಸರ ಅನುಮತಿಯನ್ನು ಕಾಮಗಾರಿ ಆರಂಭಿಸುವ ಮೊದಲೇ ಪಡೆಯಬೇಕೋ ಅಥವಾ ಎಲ್ಲವೂ ಮುಗಿದ ಬಳಿಕ ಪಡೆದರೂ ಸಾಕೋ? 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ತೀರ್ಪು ನೀಡಿದ ಸುಪ್ರೀಮ್ ಕೋರ್ಟ್, ನಂತರದ ಅನುಮತಿಗೆ ದಾರಿ ಮಾಡಿಕೊಟ್ಟಿದ್ದ ಕೇಂದ್ರ ಸರಕಾರದ 2017ರ ಅಧಿಸೂಚನೆಯನ್ನೂ 2021ರ ಕಚೇರಿ ಆದೇಶವನ್ನೂ ರದ್ದುಪಡಿಸಿತು. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠವು 2-1ರ ಬಹುಮತದಿಂದ ಆ ತೀರ್ಪನ್ನೇ ಹಿಂತೆಗೆದುಕೊಂಡು ಮರುವಿಚಾರಣೆಗೆ ಸೂಚಿಸಿತು. ಮೊದಲ ತೀರ್ಪಿನ ಪೀಠದಲ್ಲಿದ್ದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಇದಕ್ಕೆ ಭಿನ್ನಮತ ವ್ಯಕ್ತಪಡಿಸಿದರು.

ಬಹುಮತದ ಕಳವಳವನ್ನು ಸುಲಭವಾಗಿ ತಳ್ಳಿ ಹಾಕುವಂತಿಲ್ಲ. ಒಡಿಶಾದ ಏಮ್ಸ್ ಆಸ್ಪತ್ರೆ, ಕರ್ನಾಟಕದ ಹೊಸ ವಿಮಾನ ನಿಲ್ದಾಣ ಸೇರಿದಂತೆ ಸುಮಾರು 20 ಸಾವಿರ ಕೋಟಿ ರೂಪಾಯಿಗಳ ಸಾರ್ವಜನಿಕ ಯೋಜನೆಗಳನ್ನು ಕೆಡವಬೇಕಾದೀತು ಎಂಬ ವಾದವು ಅದರ ಮುಂದಿತ್ತು. ಜನರ ತೆರಿಗೆ ಹಣದಿಂದ ಕಟ್ಟಿದ್ದನ್ನು ನೆಲಸಮಗೊಳಿಸುವುದು ಯಾರಿಗೂ ಸಂತಸದ ವಿಷಯವಲ್ಲ. ಆದರೆ ಪ್ರಶ್ನೆ ಇರುವುದು ಅದಕ್ಕಿಂತ ಮೊದಲು. ಕಾನೂನನ್ನು ರೂಪಿಸಿದ ಸರಕಾರವೇ, ಅನುಮತಿಯಿಲ್ಲದೆ ಅಷ್ಟೊಂದು ಕೋಟಿ ಸುರಿಯುವ ಧೈರ್ಯ ಮಾಡಿದ್ದು ಹೇಗೆ? ಕಟ್ಟಿ ಮುಗಿಸಿಬಿಟ್ಟರೆ ಕೆಡವುವವರಿಲ್ಲ ಎಂಬ ಭರವಸೆಯೇ ಇದಕ್ಕೆ ಕಾರಣವಲ್ಲವೇ? ಖಾಸಗಿ ಉದ್ಯಮಿಗಳು ಇದರಿಂದ ಯಾವ ಪಾಠವನ್ನು ಕಲಿತಾರು?

ಇಷ್ಟಕ್ಕೂ, ಪರಿಸರ ಪರಿಣಾಮ ಮೌಲ್ಯಮಾಪನ ಎಂಬುದು ಅಭಿವೃದ್ಧಿ ವಿರೋಧಿಗಳು ಹುಟ್ಟುಹಾಕಿದ ಅಡ್ಡಗಾಲಲ್ಲ. 1984ರ ಭೋಪಾಲ ಅನಿಲ ದುರಂತದ ಬಳಿಕ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1994ರಲ್ಲಿ ಈ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಲಾಯಿತು. ಅದರ ಜಾಗದಲ್ಲಿ ಬಂದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಲ್ಲಿ 'ಪೂರ್ವಾನುಮತಿ' ಎಂಬ ಪದ ಸ್ಪಷ್ಟವಾಗಿಯೇ ಇದೆ. ಗಾಳಿ, ನೀರು, ಬೆಳೆ, ಮೀನುಗಾರಿಕೆ ಮತ್ತು ಜನವಸತಿಗಳ ಮೇಲೆ ಯೋಜನೆಯು ಬೀರುವ ಪರಿಣಾಮವನ್ನು ಮೊದಲೇ ಅಳೆದು, ಬೇಡವೆಂದಾದರೆ ಕೈಬಿಡುವ ಅಥವಾ ಬೇರೆ ಜಾಗ ಹುಡುಕುವ ಅವಕಾಶವನ್ನು ಉಳಿಸಿಕೊಳ್ಳುವುದೇ ಇದರ ಉದ್ದೇಶ. ಕಾಮಗಾರಿ ಮುಗಿದ ಬಳಿಕ ಆ ಅವಕಾಶವೇ ಇರುವುದಿಲ್ಲ. ಉಳಿಯುವುದು ದಂಡದ ಮೊತ್ತ ಮಾತ್ರ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಅದರ ಪರಿಣಾಮ ಏನೆಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2020ರ ಮೇ 7ರ ಮುಂಜಾನೆ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸೋರಿದ ಸ್ಟೈರೀನ್ ಅನಿಲವು ಮಲಗಿದ್ದವರ ಉಸಿರು ನಿಲ್ಲಿಸಿತು. ತನ್ನ ಬಳಿ ಸಿಂಧುವಾದ ಪರಿಸರ ಅನುಮತಿ ಇಲ್ಲವೆಂದು ಆ ಕಂಪೆನಿಯು ಅದರ ಹಿಂದಿನ ವರ್ಷವೇ ಒಪ್ಪಿಕೊಂಡಿತ್ತು. ಆದರೂ ಕಾರ್ಖಾನೆ ನಡೆಯುತ್ತಲೇ ಇತ್ತು.

ಅನುಮತಿ ಪಡೆದ ಯೋಜನೆಗಳ ಕತೆಯೂ ಸಮಾಧಾನಕರವಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿರುವ 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ವಿರುದ್ಧ ನಂದಿಕೂರು ಜನಜಾಗೃತಿ ಸಮಿತಿ ವರ್ಷಗಟ್ಟಲೆ ಹೋರಾಡಿತು. ಹಾರುಬೂದಿ ಮತ್ತು ಉಪ್ಪುನೀರಿನ ಬಗ್ಗೆ ಹಳ್ಳಿಗರು ದೂರುತ್ತಲೇ ಬಂದರು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕಂಪೆನಿಗೆ 52 ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರ ವಿಧಿಸಿತು. ಆದರೆ ಬೂದಿ ಬಿದ್ದ ತೋಟ, ಉಪ್ಪಾದ ಬಾವಿಗಳನ್ನು ಮೊದಲಿನಂತಾಗಿಸಲು ಯಾವ ಮೊತ್ತಕ್ಕೂ ಸಾಧ್ಯವಿಲ್ಲ.

ನಿಜವಾಗಿ, ವ್ಯವಸ್ಥೆಯ ದೋಷ ಬುಡದಲ್ಲೇ ಇದೆ. ಮೌಲ್ಯಮಾಪನ ವರದಿಯನ್ನು ತಯಾರಿಸುವ ಸಲಹಾ ಸಂಸ್ಥೆಯನ್ನು ನೇಮಿಸುವುದು ಮತ್ತು ಅದಕ್ಕೆ ಹಣ ಕೊಡುವುದು ಯೋಜನೆಯ ಮಾಲಿಕರೇ. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕನಿಗೆ ಸಂಬಳ ಕೊಟ್ಟರೆ ಫಲಿತಾಂಶ ಏನಾದೀತು? ಇನ್ನೊಂದು ಕಡೆ ಭಾಷೆಯ ಗೋಡೆಯಿದೆ. 2020ರ ಕರಡು ಅಧಿಸೂಚನೆಯು ಸಾರ್ವಜನಿಕರಿಗೆ ಪ್ರತಿಕ್ರಿಯಿಸಲು ಇರುವ 30 ದಿನಗಳ ಕಾಲಾವಕಾಶವನ್ನು 20ಕ್ಕೆ ಇಳಿಸುವ ಪ್ರಸ್ತಾಪ ಮಾಡಿತ್ತು. ಆ ಕರಡನ್ನು ಕನ್ನಡವೂ ಸೇರಿದಂತೆ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟು ಆದೇಶಿಸಬೇಕಾಯಿತು. ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಬೇಕಾಯಿತು. ಬಾಧಿತರಿಗೆ ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು, ಕೇಳದಿರುವುದಕ್ಕೆ ಸಮಾನ.

ಅಂದಹಾಗೆ, ಹೊಣೆ ಸರಕಾರದ್ದು ಮಾತ್ರವಲ್ಲ. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟನೆ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಓದಲು ಸಿಗಬೇಕು. ಸಭೆಗೆ ಕೋರಂ ಇಲ್ಲ. ಅಂದರೆ ಯಾರೂ ಬಾರದಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಆದರೆ ಅಲ್ಲಿ ಎತ್ತಿದ ಆಕ್ಷೇಪಗಳನ್ನು ದಾಖಲಿಸಿಕೊಂಡು, ಸಭಿಕರಿಗೆ ಓದಿ ಹೇಳಲೇಬೇಕು, ಕಂಪೆನಿಯು ಉತ್ತರಿಸಲೇಬೇಕು. ಅನುಮತಿ ಸಿಕ್ಕ ಬಳಿಕವೂ 30 ದಿನಗಳೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಪೇಟೆಯಲ್ಲಿರುವ ನಾವು ಇದು ರೈತರ ಅಥವಾ ಮೀನುಗಾರರ ಸಮಸ್ಯೆಯೆಂದು ಸುಮ್ಮನಿದ್ದುಬಿಡುತ್ತೇವೆ. ಆದರೆ ನಾವು ಕುಡಿಯುವ ನೀರು ಅದೇ ಹೊಳೆಯದ್ದು. ನಮ್ಮ ಮಕ್ಕಳು ಉಸಿರಾಡುವ ಗಾಳಿಗೆ ನಗರಸಭೆಯ ಗಡಿ ತಿಳಿದಿರುವುದಿಲ್ಲ.

ಅಭಿವೃದ್ಧಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ವಿದ್ಯುತ್ತು, ರಸ್ತೆ, ಆಸ್ಪತ್ರೆಗಳಿಲ್ಲದ ಬದುಕನ್ನು ಯಾರೂ ಬಯಸುವುದಿಲ್ಲ. ಆದರೆ ಅದರ ಲಾಭವೊಬ್ಬರಿಗೆ, ಬೂದಿಯೊಬ್ಬರಿಗೆ ಎಂಬ ಹಂಚಿಕೆ ನ್ಯಾಯವಲ್ಲ. ಆದ್ದರಿಂದ ವರದಿ ತಯಾರಿಸುವವರನ್ನು ಕಂಪೆನಿಯ ಬದಲು ಸ್ವತಂತ್ರ ಪ್ರಾಧಿಕಾರವೊಂದು ನೇಮಿಸಲಿ. ಶುಲ್ಕವೂ ಅದರ ಮೂಲಕವೇ ಪಾವತಿಯಾಗಲಿ. ಪೂರ್ಣ ವರದಿ ಕನ್ನಡದಲ್ಲಿ ಲಭ್ಯವಾಗಲಿ. ಅನುಮತಿಯಿಲ್ಲದೆ ಕಾಮಗಾರಿ ಆರಂಭಿಸಿದ ಅಧಿಕಾರಿ ಮತ್ತು ಮಾಲಿಕರು ವೈಯಕ್ತಿಕವಾಗಿ ಹೊಣೆಗಾರರಾಗಲಿ. ಮುಂದಿನ ಅಹವಾಲು ಸಭೆಯ ಪ್ರಕಟನೆ ಪತ್ರಿಕೆಯ ಮೂಲೆಯಲ್ಲಿ ಕಾಣಿಸಿಕೊಂಡಾಗ, ಓದುಗರು ಪುಟ ಮಗುಚದೆ ಆ ದಿನಾಂಕವನ್ನು ಬರೆದಿಟ್ಟುಕೊಳ್ಳಲಿ.